ಯುದ್ಧ ಮುಗಿದ ಮೇಲೆ ಟ್ಯಾಂಕುಗಳ ಗತಿ

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿಗೆ ಹೋದವರು ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯನ್ನು ಸುತ್ತಿ ನೋಡದೆ ಬರುವುದಿಲ್ಲ. ಹದಿಮೂರನೆಯ ಶತಮಾನದ ಈ ಹೊಯ್ಸಳ ಗುಡಿಯ ಗೋಡೆಯ ಕೆಳಪಟ್ಟಿಕೆಗಳಲ್ಲಿ ಆನೆಗಳ ಸಾಲಿದೆ, ಕುದುರೆ ಸವಾರರ ಸಾಲಿದೆ, ರಾಮಾಯಣ ಮಹಾಭಾರತಗಳ ಕಥೆಯಿದೆ. ಆ ಕಾಲದ ಸೇನೆಯಲ್ಲಿ ಶತ್ರುವಿನ ಸಾಲನ್ನು ಭೇದಿಸುವ ಕೆಲಸ ಆನೆಯದು, ವೇಗದ ಕೆಲಸ ಕುದುರೆಯದು. ಬಳಪದ ಕಲ್ಲಿನಲ್ಲಿ ಕೊರೆದ ಆ ಸೇನೆ ಏಳೂವರೆ ಶತಮಾನಗಳ ಮಳೆ ಬಿಸಿಲು ತಿಂದೂ ನಿಂತಿದೆ.

ಆನೆ ಕುದುರೆಗಳ ಆ ಎರಡೂ ಕೆಲಸಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಒಂದೇ ಯಂತ್ರ ವಹಿಸಿಕೊಂಡಿತು. ಅದೇ ಯುದ್ಧ ಟ್ಯಾಂಕು. ಹೊಸಹೊಳಲಿನಿಂದ ಪಶ್ಚಿಮಕ್ಕೆ ಕೊಡಗಿನ ಮಡಿಕೇರಿಗೆ ಹೋದರೆ, ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಟಿ-55 ಮಾದರಿಯ ಟ್ಯಾಂಕೊಂದನ್ನು ನೀವು ನೋಡಬಹುದು. ಅದರ ಮೈ ಫಿರಂಗಿ ಗುಂಡನ್ನು ತಡೆಯಲೆಂದೇ ಮಾಡಿದ ಉಕ್ಕು. ಬಳಪದ ಕಲ್ಲಾದರೋ ಉಳಿಯ ಮೊನೆಗೆ ಸುಲಭವಾಗಿ ಬಗ್ಗುವಷ್ಟು ಮೃದು. ಹಾಗಿದ್ದರೂ ಎರಡನ್ನೂ ಯಾರೂ ಮುಟ್ಟದೆ ಬಯಲಿನಲ್ಲಿ ಬಿಟ್ಟರೆ ಮೊದಲು ರೂಪ ಕಳೆದುಕೊಳ್ಳುವುದು ಟ್ಯಾಂಕೇ. ಏಕೆ?

ಉತ್ತರ ರಸಾಯನವಿಜ್ಞಾನದಲ್ಲಿದೆ. ಬಳಪದ ಕಲ್ಲಿನ ಖನಿಜಗಳು ಸಿಲಿಕೇಟುಗಳು. ಅವು ಆಗಲೇ ಆಕ್ಸಿಜನ್ನಿನೊಂದಿಗೆ ಸೇರಿ ಸ್ಥಿರ ಸ್ಥಿತಿಯಲ್ಲಿರುವ ವಸ್ತುಗಳು. ಕಬ್ಬಿಣ ಹಾಗಲ್ಲ. ಅದಿರಿನಿಂದ ಆಕ್ಸಿಜನ್ನನ್ನು ಕಿತ್ತುಹಾಕಿ, ಊದುಕುಲುಮೆಯಲ್ಲಿ ಅಪಾರ ಶಕ್ತಿ ವ್ಯಯಿಸಿ ನಾವು ಅದನ್ನು ಪಡೆದಿದ್ದೇವೆ. ನೀರು ಮತ್ತು ಗಾಳಿ ಸಿಕ್ಕಿದೊಡನೆ ಅದು ಮರಳಿ ಅದಿರಿನಂತಾಗಲು ಹೊರಡುತ್ತದೆ. ಈ ಮರುಪ್ರಯಾಣಕ್ಕೆ ನಾವಿಟ್ಟ ಹೆಸರು ತುಕ್ಕು. ಯುದ್ಧದಿಂದ ಉಳಿದು ಬಂದ ಟ್ಯಾಂಕುಗಳನ್ನು ಕಾಪಾಡುವುದೆಂದರೆ ಈ ಪ್ರಯಾಣವನ್ನು ನಿಧಾನಗೊಳಿಸುವುದು. ಅದು ಹೇಗೆಂದು ನೋಡೋಣ.

ನೀರಿನ ತೊಟ್ಟಿಯ ಹೆಸರು

ಟ್ಯಾಂಕುಗಳು ಯುದ್ಧರಂಗಕ್ಕೆ ಮೊದಲು ಇಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ. ಬ್ರಿಟನ್ನಿನಲ್ಲಿ ಇವುಗಳ ತಯಾರಿ ಗುಟ್ಟಾಗಿ ನಡೆಯುತ್ತಿತ್ತು. ಕಾರ್ಖಾನೆಯಲ್ಲಿ ತಯಾರಾಗುತ್ತಿರುವ ದೊಡ್ಡ ಕಬ್ಬಿಣದ ಪೆಟ್ಟಿಗೆಗಳು ನೀರಿನ ತೊಟ್ಟಿಗಳೆಂದು ಹೊರಗಿನವರಿಗೆ ಹೇಳಲಾಗಿತ್ತು. ತೊಟ್ಟಿಗೆ ಇಂಗ್ಲಿಷಿನಲ್ಲಿರುವ ‘ಟ್ಯಾಂಕ್’ ಎಂಬ ಪದವೇ ಯಂತ್ರದ ಹೆಸರಾಗಿ ಉಳಿಯಿತು. ಮುಂದೆ ನೋಡಲಿರುವಂತೆ, ನಿವೃತ್ತವಾದ ಟ್ಯಾಂಕಿನ ಮುಖ್ಯ ಕಾಯಿಲೆಯೇ ಅದು ನಿಜವಾಗಿ ನೀರಿನ ತೊಟ್ಟಿಯಾಗಿಬಿಡುವುದು!

ಯುದ್ಧದಲ್ಲಿ ಹಾಳಾದ ಟ್ಯಾಂಕುಗಳಲ್ಲಿ ಬಹುಪಾಲು ಗುಜರಿಗೆ ಹೋಗಿ ಕುಲುಮೆಯಲ್ಲಿ ಕರಗುತ್ತವೆ. ಉಕ್ಕಿಗೆ ಬೆಲೆಯಿದೆ, ಯುದ್ಧಾನಂತರ ಎಲ್ಲ ದೇಶಗಳಿಗೂ ಅದರ ಅಗತ್ಯವಿರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ತಯಾರಿಸಿದ ಎ7ವಿ ಟ್ಯಾಂಕುಗಳು ಇಪ್ಪತ್ತು. ಇಂದು ಉಳಿದಿರುವುದು ಒಂದೇ. ‘ಮೆಫಿಸ್ಟೊ’ ಎಂಬ ಹೆಸರಿನ ಅದು ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕ್ವೀನ್ಸ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿದೆ. 1918ರಲ್ಲಿ ಗುಂಡಿನ ಮಳೆಯಿಂದ ಪಾರಾದ ಈ ಯಂತ್ರಕ್ಕೆ 2011ರ ಜನವರಿಯಲ್ಲಿ ನಗರದ ನೆರೆನೀರು ನುಗ್ಗಿತು. ಕೆಸರನ್ನು ತೊಳೆದು, ಒಣಗಿಸಿ, ತುಕ್ಕು ಹರಡದಂತೆ ತಡೆದು, ಮತ್ತೆ ಅದನ್ನು ಅದರ ನೆಲೆಗೆ ತರುವಷ್ಟರಲ್ಲಿ ವರ್ಷಗಳೇ ಕಳೆದವು. ಒಂದೇ ಒಂದು ಉಳಿದಿರುವಾಗ ಅದು ಕೆಟ್ಟರೆ ಬದಲಿಯಿಲ್ಲ ಎಂಬುದನ್ನು ಈ ಪ್ರಸಂಗ ನೆನಪಿಸುತ್ತದೆ.

ನಮ್ಮ ದೇಶದಲ್ಲಿ ಇಂಥ ವಾಹನಗಳ ದೊಡ್ಡ ಸಂಗ್ರಹ ಮಹಾರಾಷ್ಟ್ರದ ಅಹಮದನಗರದಲ್ಲಿದೆ. ಈಗ ಆ ಊರಿನ ಹೆಸರು ಅಹಿಲ್ಯಾನಗರ. 1994ರಲ್ಲಿ ಆರಂಭವಾದ ಅಲ್ಲಿನ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಲ್ಲಿ ರೋಲ್ಸ್ ರಾಯ್ಸ್ ಕವಚದ ಕಾರಿನಿಂದ ಹಿಡಿದು ಜಪಾನಿನ ಟ್ಯಾಂಕು, ಪ್ಯಾಟನ್, ಸೆಂಚುರಿಯನ್, ವಿಜಯಂತದವರೆಗೆ ಹಲವು ವಾಹನಗಳಿವೆ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ವಶಕ್ಕೆ ಬಂದ ಪ್ಯಾಟನ್ ಟ್ಯಾಂಕುಗಳು ವಿಜಯದ ಕುರುಹಾಗಿ ದೇಶದ ಹಲವು ಊರುಗಳಿಗೆ ಹಂಚಿಹೋದವು.

ಜೋಜಿ ಲಾ ಮತ್ತು ಮಡಿಕೇರಿ

ಮಡಿಕೇರಿಯಲ್ಲಿ ಟ್ಯಾಂಕು ನಿಲ್ಲಿಸಿರುವುದಕ್ಕೆ ವಿಶೇಷವಾದ ಔಚಿತ್ಯವಿದೆ. 1948ರಲ್ಲಿ ಲಡಾಖಿನ ದಾರಿಯಲ್ಲಿರುವ ಜೋಜಿ ಲಾ ಕಣಿವೆ ಶತ್ರುವಿನ ವಶದಲ್ಲಿತ್ತು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಆ ಕಣಿವೆಯಲ್ಲಿ ಬಂಡೆಗಳ ಮರೆಯಿಂದ ಹಾರುವ ಮೆಷಿನ್‌ಗನ್ ಗುಂಡುಗಳೆದುರು ಕಾಲಾಳುಗಳ ದಾಳಿ ಸಫಲವಾಗಲಿಲ್ಲ. ಆಗ ಅಲ್ಲಿನ ಸೇನಾ ವಿಭಾಗದ ಮುಖ್ಯಸ್ಥರಾಗಿದ್ದ ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ತರುವ ತೀರ್ಮಾನ ಮಾಡಿದರು.

ತಂದದ್ದು 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು. ಇವು ಹಗುರ ಜಾತಿಯವು, ಒಂದೊಂದರ ತೂಕ ಸುಮಾರು 15 ಟನ್. ಜಮ್ಮುವಿನಿಂದ ಶ್ರೀನಗರದ ದಾರಿಯಲ್ಲಿ ಅವುಗಳ ಮೇಲಿನ ತಿರುಗುವ ಗೋಪುರಗಳನ್ನು, ಅಂದರೆ ಟರೆಟ್ಟುಗಳನ್ನು, ಬಿಚ್ಚಿ ಬೇರೆಯಾಗಿ ಸಾಗಿಸಲಾಯಿತು. ಕಣಿವೆಗೆ ಏರುವ ಕಿರಿದಾದ ಹಾದಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಬೆಂಗಳೂರಿನಲ್ಲಿ ಕೇಂದ್ರ ಹೊಂದಿರುವ ಮದ್ರಾಸ್ ಸ್ಯಾಪರ್ಸ್‌ನವರು. 1948ರ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ತಿಮ್ಮಯ್ಯನವರು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ನಿರೀಕ್ಷಿಸದಿದ್ದ ಎದುರಾಳಿಗಳು ಹಿಂದೆ ಸರಿದರು, ಲೇಹ್‌ನ ದಾರಿ ತೆರೆಯಿತು.

ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ವಸ್ತುಸಂಗ್ರಹಾಲಯವಾಗಿ 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟನೆಗೊಂಡಿತು. ಅಲ್ಲಿರುವ ಟ್ಯಾಂಕು ಜೋಜಿ ಲಾದ ಸ್ಟುವರ್ಟ್ ಅಲ್ಲ. ನಂತರದ ತಲೆಮಾರಿನ, ಸೋವಿಯತ್ ವಿನ್ಯಾಸದ ಟಿ-55. ಈ ಮಾದರಿಯ ಟ್ಯಾಂಕುಗಳು 1971ರ ಯುದ್ಧದಲ್ಲಿ ನಮ್ಮ ಸೇನೆಯಲ್ಲಿದ್ದು, ದಶಕಗಳ ಸೇವೆಯ ಬಳಿಕ ನಿವೃತ್ತವಾದವು. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ.ಗೂ ಮೀರಿ ಮಳೆಯಾಗುತ್ತದೆ. ಮಂಡ್ಯ ಜಿಲ್ಲೆಯ ಮಳೆ ಅದರ ಕಾಲುಭಾಗದಷ್ಟು ಮಾತ್ರ. ಉಕ್ಕಿನ ವಸ್ತುವನ್ನು ಬಯಲಿನಲ್ಲಿ ಕಾಪಾಡಲು ಮಡಿಕೇರಿ ಕಠಿಣ ಪರೀಕ್ಷೆಯ ಜಾಗ.

ಟ್ಯಾಂಕಿನ ಮೈಕಟ್ಟು

ಸಂರಕ್ಷಣೆಯ ಮಾತಿಗೆ ಮುನ್ನ ಟ್ಯಾಂಕಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ಇದರಲ್ಲಿ ತರಗತಿಗೆ ಒಗ್ಗುವ ಎರಡು ಲೆಕ್ಕಗಳಿವೆ.

ಟಿ-55ರ ತೂಕ ಸುಮಾರು 36 ಟನ್. ಸಿಬ್ಬಂದಿ ನಾಲ್ವರು. ಮುಖ್ಯ ತೋಪಿನ ನಳಿಕೆಯ ಒಳವ್ಯಾಸ 100 ಮಿ.ಮೀ. ಹನ್ನೆರಡು ಸಿಲಿಂಡರುಗಳ ಡೀಸೆಲ್ ಎಂಜಿನ್ನಿನ ಸಾಮರ್ಥ್ಯ 580 ಅಶ್ವಶಕ್ತಿ. ಇಷ್ಟು ಭಾರದ ಯಂತ್ರ ಕೆಸರುಗದ್ದೆಯಲ್ಲಿ ಹೂತುಹೋಗುವುದಿಲ್ಲವೇ? ಅದರ ಪ್ರತಿ ಬದಿಯ ಚೈನ್‌ಪಟ್ಟಿಯ ಅಗಲ 58 ಸೆಂ.ಮೀ., ನೆಲಕ್ಕೆ ತಾಗುವ ಉದ್ದ 384 ಸೆಂ.ಮೀ. ಎರಡೂ ಪಟ್ಟಿಗಳ ಒಟ್ಟು ಸ್ಪರ್ಶ ವಿಸ್ತೀರ್ಣ ಸುಮಾರು 44,500 ಚದರ ಸೆಂ.ಮೀ. ತೂಕವನ್ನು ಇದರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 0.8 ಕಿಲೋಗ್ರಾಂ ಬರುತ್ತದೆ. ಕಾರಿನ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡವೇ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ಅಂದರೆ ನೆಲದ ಮೇಲೆ ಟ್ಯಾಂಕಿನ ಒತ್ತಡ ಕಾರಿನದಕ್ಕಿಂತ ಕಡಿಮೆ!

ಎರಡನೆಯದು ಕವಚದ ಓರೆ. ಟ್ಯಾಂಕಿನ ಮುಂಭಾಗದ ಮೇಲಿನ ತಟ್ಟೆ ಸುಮಾರು 100 ಮಿ.ಮೀ. ದಪ್ಪವಿದ್ದು, ಲಂಬದಿಂದ 60 ಡಿಗ್ರಿ ಹಿಂದಕ್ಕೆ ವಾಲಿದೆ. ಅಡ್ಡಲಾಗಿ ಬರುವ ಗುಂಡು ಹಾಯಬೇಕಾದ ದೂರ ಎಷ್ಟು? ದಪ್ಪವನ್ನು 60 ಡಿಗ್ರಿಯ ಕೊಸೈನಿನಿಂದ, ಎಂದರೆ ಅರ್ಧದಿಂದ, ಭಾಗಿಸಿ. ಉತ್ತರ 200 ಮಿ.ಮೀ. ತಟ್ಟೆಯ ದಪ್ಪ ಹೆಚ್ಚಿಸದೆ ಬರೀ ಓರೆಯಿಂದ ರಕ್ಷಣೆಯ ದೂರ ಇಮ್ಮಡಿಯಾಯಿತು. ತ್ರಿಕೋನಮಿತಿ ಏಕೆ ಕಲಿಯಬೇಕೆಂದು ಕೇಳುವ ವಿದ್ಯಾರ್ಥಿಗೆ ಇದೊಂದು ಒಳ್ಳೆಯ ಉತ್ತರ.

ಆದರೆ ಟ್ಯಾಂಕೆಂದರೆ ದಪ್ಪ ತಟ್ಟೆ ಮಾತ್ರವಲ್ಲ. ಚೈನ್‌ಪಟ್ಟಿಯ ಮೇಲಿನ ಮಡ್‌ಗಾರ್ಡು, ಅದರ ಮೇಲೆ ಕೂರಿಸಿದ ಇಂಧನದ ಪೆಟ್ಟಿಗೆ, ಉಪಕರಣದ ಡಬ್ಬಿ ಇವೆಲ್ಲ ತೆಳು ತಗಡು. ಎಂಜಿನ್ನಿನ ಮೈ ಅಲ್ಯೂಮಿನಿಯಂ ಮಿಶ್ರಲೋಹ. ಚಕ್ರಗಳ ಅಂಚಿಗೆ ರಬ್ಬರು, ತಂತಿಗಳಿಗೆ ತಾಮ್ರ, ವೀಕ್ಷಣಾ ಕಿಂಡಿಗಳಿಗೆ ಗಾಜು, ಆಸನಗಳಿಗೆ ಬಟ್ಟೆ ಮತ್ತು ಚರ್ಮ. ಪ್ರತಿಯೊಂದೂ ತನ್ನದೇ ರೀತಿಯಲ್ಲಿ, ತನ್ನದೇ ವೇಗದಲ್ಲಿ ಕೆಡುತ್ತದೆ.

ತುಕ್ಕು ಮೊದಲು ಎಲ್ಲಿ?

ತುಕ್ಕು ಹಿಡಿಯುವುದು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ಒದ್ದೆಯಾದ ಉಕ್ಕಿನ ಮೇಲ್ಮೈಯಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ವಿದ್ಯುತ್ ಕೋಶಗಳು ಏರ್ಪಡುತ್ತವೆ. ಆನೋಡಿನಂತೆ ವರ್ತಿಸುವ ಜಾಗದಲ್ಲಿ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟು ಅಯಾನಾಗಿ ನೀರಿಗೆ ಇಳಿಯುತ್ತದೆ. ಆ ಎಲೆಕ್ಟ್ರಾನುಗಳು ಲೋಹದ ಮೂಲಕ ಕ್ಯಾಥೋಡಿನ ಜಾಗಕ್ಕೆ ಹರಿದು, ಅಲ್ಲಿ ಆಕ್ಸಿಜನ್ ಮತ್ತು ನೀರಿನೊಂದಿಗೆ ಕೂಡಿ ಹೈಡ್ರಾಕ್ಸೈಡ್ ಅಯಾನುಗಳನ್ನು ಕೊಡುತ್ತವೆ. ಎರಡೂ ಸೇರಿ, ಇನ್ನಷ್ಟು ಉತ್ಕರ್ಷಣಗೊಂಡು ಕೆಂಗಂದು ಬಣ್ಣದ ತುಕ್ಕಾಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 60-70ನ್ನು ಮೀರಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರವೇ ಇದಕ್ಕೆ ಸಾಕು. ಉಪ್ಪು ಸೇರಿದರೆ ನೀರಿನ ವಿದ್ಯುದ್ವಾಹಕತೆ ಹೆಚ್ಚಿ ಕ್ರಿಯೆ ಬಿರುಸಾಗುತ್ತದೆ.

ಒಂದು ಅಂದಾಜು ಲೆಕ್ಕ ಮಾಡೋಣ. ತೇವದ ಹವೆಯಲ್ಲಿ, ಬಣ್ಣವಿಲ್ಲದ ಉಕ್ಕಿನ ಒಂದೊಂದು ಮುಖದಿಂದ ವರ್ಷಕ್ಕೆ 0.05 ಮಿ.ಮೀ. ಸವೆಯುತ್ತದೆ ಎಂದಿಟ್ಟುಕೊಳ್ಳಿ. ಎರಡೂ ಮುಖ ಸೇರಿ 0.1 ಮಿ.ಮೀ. ಇದೇ ವೇಗ ಮುಂದುವರಿದರೆ 100 ಮಿ.ಮೀ. ಕವಚ ಕರಗಲು ಸಾವಿರ ವರ್ಷ ಬೇಕು. ಆದರೆ 2 ಮಿ.ಮೀ. ದಪ್ಪದ ಮಡ್‌ಗಾರ್ಡು ಇಪ್ಪತ್ತೇ ವರ್ಷಕ್ಕೆ ತೂತು ಬೀಳುತ್ತದೆ. ಈ ಲೆಕ್ಕ ಒಂದು ಮುಖ್ಯ ವಿಷಯ ತಿಳಿಸುತ್ತದೆ. ಟ್ಯಾಂಕು ಹಾಳಾಗುವುದು ಅದರ ಕವಚದಿಂದಲ್ಲ. ತಗಡು, ಬೋಲ್ಟು, ತಿರುಗಣೆ, ತಂತಿ, ಕೀಲುಗಳಿಂದ. ನೋಡುಗರು ದಪ್ಪ ಕವಚವನ್ನು ತಟ್ಟಿ, ಇದಕ್ಕೇನಾಗುತ್ತದೆ ಎಂದು ಹೇಳುತ್ತಿರುವಾಗಲೇ ಪಕ್ಕದ ತಗಡು ಪುಡಿಯಾಗುತ್ತಿರುತ್ತದೆ.

ತುಕ್ಕು ಹೆಚ್ಚಾಗಿ ಕಾಣುವ ಜಾಗಗಳು ಮೂರು.

ಮೊದಲನೆಯದು ಸಂದುಗಳು. ತುಕ್ಕಿನ ಗಾತ್ರ ಅದು ಹುಟ್ಟಿದ ಕಬ್ಬಿಣದ ಗಾತ್ರಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು. ಎರಡು ತಟ್ಟೆಗಳ ನಡುವೆ ಹುಟ್ಟಿದ ತುಕ್ಕು ಬೆಣೆಯಂತೆ ಒತ್ತಿ ಅವುಗಳನ್ನು ಅಗಲಿಸುತ್ತದೆ, ರಿವೆಟ್ಟುಗಳನ್ನು ಕೀಳುತ್ತದೆ.

ಎರಡನೆಯದು ಮಣ್ಣು, ತರಗೆಲೆ ಕೂತ ಜಾಗ. ಕಸದ ಕೆಳಗೆ ಆಕ್ಸಿಜನ್ ಕಡಿಮೆ, ಸುತ್ತಲೂ ಹೆಚ್ಚು. ಈ ವ್ಯತ್ಯಾಸವೇ ವಿದ್ಯುತ್ ಕೋಶವನ್ನುಂಟುಮಾಡುತ್ತದೆ. ಆಕ್ಸಿಜನ್ ಕಡಿಮೆಯಿರುವ ಭಾಗ ಆನೋಡಾಗಿ ತಿನ್ನಲ್ಪಡುತ್ತದೆ. ಚೈನ್‌ಪಟ್ಟಿ ಮಣ್ಣಿನಲ್ಲಿ ಅರ್ಧ ಹೂತಿದ್ದರೆ ಹೂತ ಭಾಗ ಬೇಗ ಕೆಡುವುದು ಇದರಿಂದಲೇ. ಆದ್ದರಿಂದ ಟ್ಯಾಂಕನ್ನು ನೀರು ಹರಿದುಹೋಗುವಂತೆ ಇಳಿಜಾರಿರುವ ಕಾಂಕ್ರೀಟು ಕಟ್ಟೆಯ ಮೇಲೆ ನಿಲ್ಲಿಸಬೇಕು. ಸುತ್ತ ಹುಲ್ಲು, ಹೂಗಿಡ ಬೆಳೆಸಿ ದಿನವೂ ನೀರು ಹಾಯಿಸುವುದು ನೋಟಕ್ಕೆ ಚೆಂದ, ಉಕ್ಕಿಗೆ ಕೇಡು.

ಮೂರನೆಯದು ಎರಡು ಬಗೆಯ ಲೋಹಗಳು ತಾಗುವ ಜಾಗ. ಅಲ್ಯೂಮಿನಿಯಂ ಮತ್ತು ಉಕ್ಕು ಒದ್ದೆಯಾಗಿ ಕೂಡಿದ್ದರೆ ಅಲ್ಯೂಮಿನಿಯಂ ಕರಗುತ್ತದೆ. ತಾಮ್ರ ಮತ್ತು ಉಕ್ಕು ಕೂಡಿದ್ದರೆ ಉಕ್ಕು ಕರಗುತ್ತದೆ. ವಿದ್ಯುತ್ ರಾಸಾಯನಿಕ ಶ್ರೇಣಿಯ ಪಾಠವನ್ನು ಟ್ಯಾಂಕಿನ ಎಂಜಿನ್ ಕೋಣೆಯಲ್ಲಿ ಕಣ್ಣಾರೆ ಕಾಣಬಹುದು.

ಒಳಗೆ ನಿಲ್ಲುವ ನೀರು

ಪ್ರದರ್ಶನಕ್ಕಿಟ್ಟ ಟ್ಯಾಂಕಿನೊಳಗೆ ಮಕ್ಕಳು ಇಳಿಯಬಾರದೆಂದು ಮುಚ್ಚಳಗಳನ್ನು ಬೆಸುಗೆ ಹಾಕಿ ಮುಚ್ಚುವ ರೂಢಿ ಹಲವೆಡೆ ಇದೆ. ಸುರಕ್ಷತೆಯ ದೃಷ್ಟಿಯಿಂದ ಇದು ಸರಿ ಎನಿಸಬಹುದು. ಆದರೆ ಮುಚ್ಚಿದ ಪೆಟ್ಟಿಗೆ ಒಣಗಿರುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಹಗಲು ಬಿಸಿಲಿಗೆ ಉಕ್ಕು ಕಾದು ಒಳಗಿನ ಗಾಳಿ ಹಿಗ್ಗುತ್ತದೆ, ಸಂದುಗಳಿಂದ ಹೊರಹೋಗುತ್ತದೆ. ಸಂಜೆ ತಣಿದಾಗ ತೇವ ತುಂಬಿದ ಹೊರಗಾಳಿ ಒಳಸೇರುತ್ತದೆ. ಟ್ಯಾಂಕು ದಿನಕ್ಕೊಮ್ಮೆ ಉಸಿರಾಡುತ್ತದೆ ಎನ್ನಬಹುದು. 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. 30 ಡಿಗ್ರಿಯಲ್ಲಿ ಶೇಕಡ 70 ಆರ್ದ್ರತೆ ಇದ್ದರೆ ಗಾಳಿಯಲ್ಲಿ 21 ಗ್ರಾಂ ನೀರಾವಿ ಇರುತ್ತದೆ. ರಾತ್ರಿ 20 ಡಿಗ್ರಿಗೆ ಇಳಿದಾಗ ಘನ ಮೀಟರಿಗೆ 4 ಗ್ರಾಂ ನೀರು ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಒಳಗಿನ ಜಾಗ 8 ಘನ ಮೀಟರ್ ಎಂದುಕೊಂಡರೆ ಒಂದು ರಾತ್ರಿಗೆ ಸುಮಾರು 30 ಗ್ರಾಂ. ಸಣ್ಣ ಮೊತ್ತವೇ. ಆದರೆ ಅದು ತಳಕ್ಕಿಳಿದು ಎಂಜಿನ್ನಿನ ಅಡಿಯಲ್ಲಿ ನಿಲ್ಲುತ್ತದೆ, ತಿಂಗಳುಗಟ್ಟಲೆ ಆರುವುದಿಲ್ಲ. ಇದರೊಂದಿಗೆ ತೋಪಿನ ನಳಿಕೆ, ಎಂಜಿನ್ ಮೇಲಿನ ಜಾಲರಿ, ಹಳಸಿದ ರಬ್ಬರ್ ಪಟ್ಟಿಗಳಿಂದ ಮಳೆನೀರೂ ಸೇರುತ್ತದೆ. ತೊಟ್ಟಿ ತುಂಬತೊಡಗುತ್ತದೆ.

ಪರಿಹಾರ ದುಬಾರಿಯದಲ್ಲ. ಟ್ಯಾಂಕಿನ ತಳದಲ್ಲಿ ನೀರು, ಎಣ್ಣೆ ಹೊರಬಿಡಲು ಬಿರಡೆಗಳಿರುತ್ತವೆ. ಅವುಗಳನ್ನು ತೆಗೆದು ಜಾಲರಿ ಹಾಕಬೇಕು. ಮುಚ್ಚಳವನ್ನು ಬೆಸೆಯುವ ಬದಲು ಬೀಗ ಹಾಕಿದರೆ ವರ್ಷಕ್ಕೆರಡು ಬಾರಿ ತೆರೆದು ನೋಡಬಹುದು. ನಳಿಕೆಯ ಬಾಯಿಗೆ ಮುಚ್ಚಳ ಹಾಕಬೇಕು. ಹಳೆಯ ಇಂಧನ, ರೇಡಿಯೇಟರಿನ ನೀರು, ಬ್ಯಾಟರಿಯ ಆಮ್ಲ ಇವನ್ನು ಪ್ರದರ್ಶನಕ್ಕೆ ಮುನ್ನವೇ ತೆಗೆದುಬಿಡಬೇಕು. ಮೇಲೊಂದು ಚಾವಣಿ ಹಾಕಿದರಂತೂ ಎಲ್ಲಕ್ಕಿಂತ ಉತ್ತಮ. ಮಳೆಯ ಜೊತೆಗೆ ರಬ್ಬರನ್ನು ಬಿರಿಸುವ, ಬಣ್ಣವನ್ನು ಮಾಸಿಸುವ ಬಿಸಿಲನ್ನೂ ಅದು ತಡೆಯುತ್ತದೆ.

ಕೆಸರಿನಲ್ಲಿ ಉಳಿದವು

ನೀರು ಉಕ್ಕಿನ ಶತ್ರುವಾದರೆ ಕೆಸರಿನಲ್ಲಿ ಹೂತ ಟ್ಯಾಂಕು ಪೂರ್ತಿ ನಾಶವಾಗಬೇಕಲ್ಲವೇ? ಹಾಗಾಗಬೇಕೆಂದಿಲ್ಲ. 2000ದ ಸೆಪ್ಟೆಂಬರಿನಲ್ಲಿ ಎಸ್ಟೋನಿಯ ದೇಶದ ಒಂದು ಸರೋವರದ ತಳದಿಂದ ಟಿ-34 ಟ್ಯಾಂಕನ್ನು ಮೇಲೆತ್ತಲಾಯಿತು. 1944ರಿಂದ ಐವತ್ತಾರು ವರ್ಷ ಅದು ಕೊಳೆತ ಸಸ್ಯಗಳ ದಪ್ಪ ಪದರದಲ್ಲಿ ಹೂತಿತ್ತು. ಆದರೂ ಅದರ ಮೈಮೇಲಿನ ಗುರುತುಗಳು ಸಹ ಓದುವಂತಿದ್ದವು. ಆ ಪದರದೊಳಗೆ ಆಕ್ಸಿಜನ್ ಇರಲಿಲ್ಲ. ತುಕ್ಕಿಗೆ ನೀರು, ಆಕ್ಸಿಜನ್ ಎರಡೂ ಬೇಕು. ಒಂದಿಲ್ಲದಿದ್ದರೆ ಕ್ರಿಯೆ ಬಹುಮಟ್ಟಿಗೆ ನಿಲ್ಲುತ್ತದೆ.

ನಮ್ಮ ರಾಜ್ಯದಲ್ಲೂ ಇದಕ್ಕೆ ಹೋಲುವ ಉದಾಹರಣೆಯಿದೆ. ಶ್ರೀರಂಗಪಟ್ಟಣದ ಯುದ್ಧಗಳಲ್ಲಿ ಬ್ರಿಟಿಷರನ್ನು ಬೆರಗುಗೊಳಿಸಿದ ಮೈಸೂರು ರಾಕೆಟ್ಟುಗಳ ಕೊಳವೆ ಕಬ್ಬಿಣದ್ದು. ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ ಹಾಳುಬಾವಿಯ ಕೆಸರಿನಿಂದ ಇಂಥ ರಾಕೆಟ್ಟುಗಳು 2002ರಲ್ಲಿ ನೂರಕ್ಕೂ ಹೆಚ್ಚು, 2018ರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದವು. ಎರಡು ಶತಮಾನಗಳಿಗೂ ಮೀರಿ ಬಾವಿಯ ಕೆಸರು ಅವನ್ನು ಮುಚ್ಚಿಟ್ಟಿತ್ತು.

ಇಂಥ ವಸ್ತುಗಳಿಗೆ ನಿಜವಾದ ಅಪಾಯ ಮೇಲೆತ್ತಿದ ದಿನದಿಂದ ಶುರುವಾಗುತ್ತದೆ. ಆಕ್ಸಿಜನ್ ಒಮ್ಮೆಲೇ ಸಿಗುತ್ತದೆ. ಲೋಹದ ರಂಧ್ರಗಳಲ್ಲಿ ಕ್ಲೋರೈಡ್ ಲವಣವಿದ್ದರೆ ಒಣಗುತ್ತಿದ್ದಂತೆ ಮೇಲ್ಮೈ ಪದರಪದರವಾಗಿ ಸಿಡಿಯುತ್ತದೆ. ಅಮೆರಿಕದ ಅಂತರ್ಯುದ್ಧದ ಕಾಲದ ‘ಮಾನಿಟರ್’ ಎಂಬ ಕಬ್ಬಿಣದ ಹೊದಿಕೆಯ ಹಡಗು 1862ರ ಕೊನೆಯ ದಿನ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಇಂದಿನ ಟ್ಯಾಂಕಿನ ಟರೆಟ್ಟಿಗೆ ಪೂರ್ವಜ ಎನ್ನಬಹುದಾದ ಅದರ ತಿರುಗುವ ಗೋಪುರವನ್ನು 2002ರಲ್ಲಿ ಮೇಲೆತ್ತಿದರು. ಅಂದಿನಿಂದ ಅದನ್ನು ಕ್ಷಾರ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ಮಂದವಾದ ವಿದ್ಯುತ್ತು ಹಾಯಿಸಿ, ಲೋಹದೊಳಗಿನ ಉಪ್ಪನ್ನು ನಿಧಾನವಾಗಿ ಹೊರತೆಗೆಯಲಾಗುತ್ತಿದೆ. ಈ ಕೆಲಸಕ್ಕೆ ದಶಕಗಳೇ ಬೇಕು. ಹಳೆಯ ಕಬ್ಬಿಣದ ವಸ್ತುವೊಂದು ನಿಮ್ಮೂರಿನ ಕೆರೆ ಬಾವಿಯಲ್ಲಿ ಸಿಕ್ಕರೆ ತೊಳೆದು ಬಿಸಿಲಿಗಿಡಬೇಡಿ. ಒದ್ದೆಯಾಗಿಯೇ ಇರಿಸಿ ಪುರಾತತ್ತ್ವ ಇಲಾಖೆಗೆ ತಿಳಿಸಿ. ಅದು ಸ್ಫೋಟಕವಿರುವ ವಸ್ತುವೆಂಬ ಸಂಶಯ ಬಂದರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಬಣ್ಣ ಬಳಿಯುವ ಮುನ್ನ

ನಿವೃತ್ತ ಟ್ಯಾಂಕಿಗೆ ನಾವು ಮಾಡುವ ಸಾಮಾನ್ಯ ಉಪಚಾರ ಬಣ್ಣ ಬಳಿಯುವುದು. ರಾಷ್ಟ್ರೀಯ ಹಬ್ಬ ಹತ್ತಿರ ಬಂದಾಗ ಹಳೆಯ ಬಣ್ಣದ ಮೇಲೆಯೇ ಹೊಳೆಯುವ ಹಸಿರು ಬಣ್ಣ ಬೀಳುತ್ತದೆ. ತುಕ್ಕಿನ ಮೇಲೆ ಬಳಿದ ಬಣ್ಣ ನಿಲ್ಲುವುದಿಲ್ಲ. ಕೆಳಗಿನ ತುಕ್ಕು ತೇವ ಹಿಡಿದಿಟ್ಟುಕೊಂಡು ಬೆಳೆಯುತ್ತಲೇ ಇರುತ್ತದೆ, ವರ್ಷದೊಳಗೆ ಬಣ್ಣ ಗುಳ್ಳೆಯೆದ್ದು ಕಳಚುತ್ತದೆ.

ಸರಿಯಾದ ಕ್ರಮವೆಂದರೆ ಮೊದಲು ಸಡಿಲ ತುಕ್ಕು, ಮಣ್ಣು, ಎಣ್ಣೆ ತೆಗೆದು, ನೀರಿನಿಂದ ತೊಳೆದು ಪೂರ್ತಿ ಒಣಗಿಸುವುದು. ಉಳಿದ ಗಟ್ಟಿ ತುಕ್ಕಿಗೆ ಟ್ಯಾನಿಕ್ ಆಮ್ಲದ ದ್ರಾವಣ ಹಚ್ಚುವುದುಂಟು. ಅದು ತುಕ್ಕಿನೊಂದಿಗೆ ಸೇರಿ ನೀಲಿಗಪ್ಪು ಬಣ್ಣದ ಕಬ್ಬಿಣದ ಟ್ಯಾನೇಟ್ ಆಗುತ್ತದೆ. ಇದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಈ ಕ್ರಿಯೆ ನಮಗೆ ಹೊಸತಲ್ಲ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಮಸಿ, ಕಪ್ಪು ಬಣ್ಣ ಮಾಡುತ್ತಿದ್ದ ನಮ್ಮ ಹಿರಿಯರು ಬಳಸಿದ್ದು ಇದೇ ರಸಾಯನವಿಜ್ಞಾನವನ್ನು. ಆಮೇಲೆ ಸತುವು ಅಥವಾ ಸತುವಿನ ಫಾಸ್ಫೇಟ್ ಇರುವ ಪ್ರೈಮರ್, ಅದರ ಮೇಲೆ ಎಪಾಕ್ಸಿ, ಕೊನೆಯಲ್ಲಿ ಬಿಸಿಲು ತಡೆಯುವ ಮೇಲ್ಪದರ. ಸತುವು ಏಕೆ? ಅದು ಕಬ್ಬಿಣಕ್ಕಿಂತ ಮುಂಚೆ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ.

ಬಣ್ಣದ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಯುದ್ಧಕಾಲದ ವಾಹನ ಒಂದು ದಾಖಲೆ. ಅದರ ಎರಕದ ಗುರುತು, ತಯಾರಿಕೆಯ ಸಂಖ್ಯೆ, ದಳದ ಚಿಹ್ನೆ, ಗುಂಡು ತಾಗಿದ ಗಾಯ, ರಂಗದಲ್ಲಿ ಅವಸರದಿಂದ ಹಾಕಿದ ಬೆಸುಗೆ ಇವೆಲ್ಲ ಓದಬಲ್ಲವರಿಗೆ ಅಕ್ಷರಗಳು. ಮರಳು ಸಿಡಿಸಿ ಮೈಯನ್ನೆಲ್ಲ ಉಜ್ಜಿದರೆ ಈ ಅಕ್ಷರಗಳು ಅಳಿಸುತ್ತವೆ. ಸತತವಾಗಿ ದಪ್ಪ ಬಣ್ಣ ಬಳಿದರೆ ಮುಚ್ಚಿಹೋಗುತ್ತವೆ. ಬ್ರಿಟನ್ನಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿರುವ ‘ಟೈಗರ್ 131’ ಎಂಬ ಜರ್ಮನ್ ಟ್ಯಾಂಕು 1943ರ ಏಪ್ರಿಲಿನಲ್ಲಿ ಟ್ಯುನೀಶಿಯದಲ್ಲಿ ಸೆರೆಸಿಕ್ಕಿದ್ದು. ಅದರ ಮೇಲೆ ಗುಂಡು ಬಡಿದ ಗುರುತುಗಳನ್ನು ತುಂಬಿ ನುಣುಪು ಮಾಡದೆ ಹಾಗೆಯೇ ಉಳಿಸಿದ್ದಾರೆ. ಟ್ಯಾಂಕು ಯಾವ ಸ್ಥಿತಿಯಲ್ಲಿ ಸೆರೆಸಿಕ್ಕಿತು ಎಂಬುದಕ್ಕೆ ಆ ಗುರುತುಗಳೇ ಸಾಕ್ಷಿ. ಬಣ್ಣ ಬಳಿಯುವ ಮುನ್ನ ಪ್ರತಿ ಭಾಗದ ಛಾಯಾಚಿತ್ರ ತೆಗೆದು, ಸಂಖ್ಯೆಗಳನ್ನು ಬರೆದಿಡುವುದು ಸಂರಕ್ಷಣೆಯ ಮೊದಲ ಪಾಠ.

ಓಡಿಸಬೇಕೆ, ನಿಲ್ಲಿಸಬೇಕೆ?

ಟೈಗರ್ 131ರ ಎಂಜಿನ್ನು ಇಂದಿಗೂ ಚಾಲೂ ಆಗುತ್ತದೆ. ಆ ಮಾದರಿಯಲ್ಲಿ ಚಲಿಸಬಲ್ಲ ಟ್ಯಾಂಕು ಅದೊಂದೇ. ಓಡುವ ಯಂತ್ರ ನೋಡುಗರಿಗೆ ಕಲಿಸುವುದನ್ನು ನಿಂತ ಯಂತ್ರ ಕಲಿಸಲಾರದು. ಆದರೆ ಪ್ರತಿ ಓಟದಲ್ಲೂ ಮೂಲ ಬಿಡಿಭಾಗಗಳು ಸವೆಯುತ್ತವೆ. ಅವನ್ನು ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ಟ್ಯಾಂಕೋ ಹೊಸದೋ ಎಂಬ ಪ್ರಶ್ನೆ ಏಳುತ್ತದೆ. ಒಂದೇ ಉಳಿದಿರುವ ಮೆಫಿಸ್ಟೊದಂಥದನ್ನು ನಿಲ್ಲಿಸಿಯೇ ಕಾಯಬೇಕು. ಹಲವು ಉಳಿದಿರುವ ಮಾದರಿಯಾದರೆ ಒಂದನ್ನು ಓಡಿಸಿ, ಇನ್ನೊಂದನ್ನು ಮುಟ್ಟದೆ ಇಡಬಹುದು.

ಟಿ-55 ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ಟ್ಯಾಂಕುಗಳ ಕುಟುಂಬಕ್ಕೆ ಸೇರಿದ್ದು. ಹಾಗಾದರೆ ಅದಕ್ಕೇಕೆ ಇಷ್ಟು ಕಾಳಜಿ ಎಂದು ನೀವು ಕೇಳಬಹುದು. ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದ ವಸ್ತುಗಳೇ ಸದ್ದಿಲ್ಲದೆ ಮಾಯವಾಗುತ್ತವೆ. ಹೇರಳವಾಗಿವೆ ಎಂಬ ಭರವಸೆಯಲ್ಲಿ ಯಾರೂ ಅವನ್ನು ಉಳಿಸುವುದಿಲ್ಲ.

ಮುಟ್ಟುವಾಗ ಎಚ್ಚರ

ಹಳೆಯ ಕವಚದ ವಾಹನದೊಳಗೆ ವಿದ್ಯಾರ್ಥಿಗಳನ್ನು ಇಳಿಸಬೇಡಿ. ಹಳೆಯ ಬಣ್ಣದಲ್ಲಿ ಸೀಸ ಮತ್ತು ಕ್ರೋಮೇಟ್, ಬ್ರೇಕು ಮತ್ತು ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಎರಡನೆಯ ಮಹಾಯುದ್ಧ ಕಾಲದ ವಾಹನಗಳ ಕೆಲವು ಡಯಲುಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿರುತ್ತಾರೆ. ಹೊಳಪು ಹೋಗಿರುತ್ತದೆ, ವಿಕಿರಣ ಹೋಗಿರುವುದಿಲ್ಲ. ಹೊಳೆಯುವ ಸತುವಿನ ಸಲ್ಫೈಡ್ ಕೆಲವು ವರ್ಷಗಳಲ್ಲಿ ಕೆಡುತ್ತದೆ, ರೇಡಿಯಮ್ಮಿನ ಅರ್ಧಾಯುಷ್ಯ ಮಾತ್ರ 1,600 ವರ್ಷ.

ತರಗತಿಯಲ್ಲಿ ಮಾಡಿ ನೋಡಿ

ಐದು ಗಾಜಿನ ಸೀಸೆ, ಐದು ಹೊಸ ಕಬ್ಬಿಣದ ಮೊಳೆ, ಒಂದು ತುಕ್ಕು ಹಿಡಿದ ಮೊಳೆ, ಒಂದು ತುಂಡು ಸತುವಿನ ತಗಡು ಅಥವಾ ಸತು ಲೇಪಿಸಿದ ತಂತಿ, ಉಪ್ಪು, ಅಡುಗೆ ಎಣ್ಣೆ, ನಾಲ್ಕು ಅಳಲೆಕಾಯಿ ತೆಗೆದುಕೊಳ್ಳಿ.

1. ಮೊದಲ ಸೀಸೆಯಲ್ಲಿ ಮೊಳೆ ಅರ್ಧ ಮುಳುಗುವಷ್ಟು ನಲ್ಲಿ ನೀರು ಹಾಕಿ.
2. ಎರಡನೆಯದರಲ್ಲಿ ಕುದಿಸಿ ಆರಿಸಿದ ನೀರನ್ನು ಮೊಳೆ ಮುಳುಗುವಂತೆ ತುಂಬಿ ಮೇಲೆ ಎಣ್ಣೆಯ ಪದರ ಹಾಕಿ. ಇದು ಎಸ್ಟೋನಿಯದ ಸರೋವರದ ತಳ.
3. ಮೂರನೆಯದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ಉಪ್ಪು ನೀರು ಹಾಕಿ. ಇದು ಕರಾವಳಿ.
4. ನಾಲ್ಕನೆಯದರಲ್ಲೂ ಉಪ್ಪು ನೀರು. ಆದರೆ ಮೊಳೆಗೆ ಸತುವನ್ನು ಬಿಗಿಯಾಗಿ ಸುತ್ತಿ ಇಡಿ.
5. ಐದನೆಯದರಲ್ಲಿ ಮೊಳೆಯನ್ನು ಒದ್ದೆ ಮಣ್ಣಿನಲ್ಲಿ ಅರ್ಧ ಹೂತಿಡಿ. ಇದು ಕಟ್ಟೆಯಿಲ್ಲದೆ ನಿಂತ ಟ್ಯಾಂಕಿನ ಚೈನ್‌ಪಟ್ಟಿ.

ತುಕ್ಕು ಹಿಡಿದ ಮೊಳೆಯನ್ನು ಜಜ್ಜಿದ ಅಳಲೆಕಾಯಿಯ ಕಷಾಯದಲ್ಲಿ ಒಂದು ದಿನ ನೆನೆಸಿ ತೆಗೆದು ಒಣಗಿಸಿ, ಬಣ್ಣ ಏನಾಯಿತೆಂದು ಬರೆದಿಡಿ. ಒಂದು ವಾರ ಪ್ರತಿದಿನ ಐದೂ ಸೀಸೆಗಳನ್ನು ನೋಡಿ ಪಟ್ಟಿ ಮಾಡಿ. ಯಾವುದರಲ್ಲಿ ತುಕ್ಕು ಮೊದಲು ಕಂಡಿತು? ನೀರಿನ ಮಟ್ಟದಲ್ಲೋ, ಕೆಳಗೋ? ಕಾರಣವನ್ನು ವಿದ್ಯಾರ್ಥಿಗಳೇ ಹೇಳಲಿ.

ನಿಮ್ಮ ಊರಿನ ಅಥವಾ ಜಿಲ್ಲಾ ಕೇಂದ್ರದ ವೃತ್ತದಲ್ಲಿ ಟ್ಯಾಂಕು, ತೋಪು ಅಥವಾ ಹಳೆಯ ವಿಮಾನ ನಿಂತಿದ್ದರೆ ಮುಂದಿನ ಪ್ರವಾಸದಲ್ಲಿ ಅದನ್ನು ಪಠ್ಯವಾಗಿ ನೋಡಿ. ಹೊರಗಿನಿಂದಲೇ ನೋಡಬಹುದಾದದ್ದು ಸಾಕಷ್ಟಿದೆ. ಚೈನ್‌ಪಟ್ಟಿಯ ಕೆಳಗೆ ನೀರು ನಿಂತಿದೆಯೇ? ನಳಿಕೆಗೆ ಮುಚ್ಚಳವಿದೆಯೇ? ತಗಡು ಎಲ್ಲಿ ತೂತಾಗಿದೆ? ಬಣ್ಣ ಎಲ್ಲಿ ಗುಳ್ಳೆಯೆದ್ದಿದೆ? ಫಲಕದಲ್ಲಿ ಅದರ ಮಾದರಿ, ಇತಿಹಾಸ ಬರೆದಿದೆಯೇ? ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿ, ಅದೇ ಜಾಗಗಳ ಛಾಯಾಚಿತ್ರ ತೆಗೆದಿಡಿ. ಮೂರು ವರ್ಷದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತುಕ್ಕಿನ ವೇಗ ಕಣ್ಣಿಗೆ ಕಾಣುತ್ತದೆ. ಅದನ್ನು ಉಸ್ತುವಾರಿ ನೋಡುವ ಕಚೇರಿಗೆ ಕಳುಹಿಸಿಕೊಡಿ. ಅನಾವರಣದ ದಿನ ಇಂಥ ವಾಹನಗಳ ಸುತ್ತ ನೂರಾರು ಜನ ಇರುತ್ತಾರೆ. ಅವುಗಳ ಆಯಸ್ಸನ್ನು ನಿರ್ಧರಿಸುವವರು ಆನಂತರವೂ ವರ್ಷಕ್ಕೆರಡು ಸಲ ಬಂದು ತಳದ ಬಿರಡೆಯನ್ನು ನೋಡುವ ಒಬ್ಬಿಬ್ಬರು.